ಫೋನಿನ ಐಪಿ ನೋಡಿ ಮನುಷ್ಯರನ್ನು ಅಳೆಯುವುದು ನಿಲ್ಲಲಿ

"ಅವನ ಐಪಿ ಅಡ್ರೆಸ್ ಸಿಕ್ಕಿದೆ, ಇನ್ನು ಆಸಾಮಿ ಸಿಕ್ಕ ಹಾಗೇ." ಆನ್‌ಲೈನ್ ಜಗಳಗಳಲ್ಲಿ ಈ ಮಾತು ಆಗಾಗ ಬರುತ್ತದೆ. ಐಪಿ ಅಂದರೆ ಇಂಟರ್‌ನೆಟ್ಟಿನಲ್ಲಿ ಒಂದು ಫೋನು ಅಥವಾ ಕಂಪ್ಯೂಟರಿಗೆ ಇರುವ ವಿಳಾಸದ ನಂಬರ್. ಹೇಳುವವರು ನಂಬಿಯೇ ಹೇಳುತ್ತಾರೆ. ಆದರೆ ಆ ಐಪಿ ಮೊಬೈಲ್ ನೆಟ್‌ವರ್ಕಿನದಾಗಿದ್ದರೆ ಆಸಾಮಿ ಸಿಕ್ಕಿರುವುದಿಲ್ಲ. ಸಿಕ್ಕಿರುವುದು ಒಂದು ನಂಬರ್. ಅದೇ ಹೊತ್ತಿನಲ್ಲಿ ಅದನ್ನು ಇನ್ನೂ ನೂರಾರು ಜನ ಹಂಚಿಕೊಂಡಿರಬಹುದು. ಇಷ್ಟು ತಿಳಿದುಕೊಳ್ಳದೆ ವೆಬ್‌ಸೈಟ್‌ಗಳು ಜನರನ್ನು ಹೊರಗಿಡುತ್ತಿವೆ, ಆ್ಯಪ್‌ಗಳು ಸುಮ್ನೆ ಅನುಮಾನ ಪಡುತ್ತಿವೆ, ಏನೂ ಮಾಡದವರ ಕಡೆಗೆ ಬೆರಳು ತಿರುಗುತ್ತಿದೆ. ನನ್ನ ಮಟ್ಟಿಗೆ ಇದು ನ್ಯಾಯದ ಪ್ರಶ್ನೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಫೋನಿಗೆ ಐಪಿ ಎಲ್ಲಿಂದ ಬರುತ್ತದೆ ನೋಡೋಣ. ಟವರ್ ಕೊಡುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಟವರ್‌ಗೆ ಆ ಕೆಲಸವೇ ಇಲ್ಲ. ಡೇಟಾ ಆನ್ ಮಾಡಿದ ತಕ್ಷಣ ಫೋನ್ ತನ್ನ ಸಿಮ್‌ನ ಗುರುತು ಹೇಳಿಕೊಳ್ಳುತ್ತದೆ. ಕಂಪನಿಯ ಕೋರ್ ನೆಟ್‌ವರ್ಕ್, ಅಂದರೆ ಟವರ್‌ಗಳ ಹಿಂದಿರುವ ಮುಖ್ಯ ವ್ಯವಸ್ಥೆ, ಆ ಸಿಮ್ ಅಸಲಿಯೇ, ಅದಕ್ಕೆ ಡೇಟಾ ಬಳಸಲು ಅವಕಾಶ ಇದೆಯೇ ಎಂದು ಪರೀಕ್ಷೆ ಮಾಡುತ್ತದೆ. ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನಾವು ನೋಡುವ ಎಪಿಎನ್ ಇದೆಯಲ್ಲ, ಅದರ ಪ್ರಕಾರ ಯಾವ ಗೇಟ್‌ವೇ, ಅಂದರೆ ಕಂಪನಿಯ ಜಾಲದಿಂದ ಇಂಟರ್‌ನೆಟ್ಟಿಗೆ ದಾಟುವ ಯಾವ ಬಾಗಿಲು, ಎಂದು ತೀರ್ಮಾನವಾಗುತ್ತದೆ. ಐಪಿ ಬರುವುದು ಆ ಗೇಟ್‌ವೇ ಕಡೆಯಿಂದ. 3ಜಿ ಕಾಲದಲ್ಲಿ ಅದನ್ನು ಜಿಜಿಎಸ್‌ಎನ್ ಅನ್ನುತ್ತಿದ್ದರು. 4ಜಿಯಲ್ಲಿ ಪಿ-ಗೇಟ್‌ವೇ. 5ಜಿಯಲ್ಲಿ ಕೆಲಸ ಎರಡಾಗಿ ಒಡೆದಿದೆ: ಐಪಿ ಹಂಚುವ ಲೆಕ್ಕಾಚಾರ ಎಸ್‌ಎಂಎಫ್‌ನದು, ಡೇಟಾ ಸಾಗಿಸುವ ದುಡಿಮೆ ಯುಪಿಎಫ್‌ನದು.

ಈ ಗೇಟ್‌ವೇ ನಿಮ್ಮ ಹತ್ತಿರದಲ್ಲೇ ಇರಬೇಕು ಅಂತೇನಿಲ್ಲ. ನೂರಾರು ಕಿಲೋಮೀಟರ್ ದೂರದಲ್ಲಿರಬಹುದು. ಫೋನಿನಿಂದ ಹೊರಟ ಪ್ರತಿ ಪ್ಯಾಕೆಟ್ಟನ್ನೂ (ಡೇಟಾದ ಸಣ್ಣ ತುಣುಕು) ಟವರ್ ಇನ್ನೊಂದು ಪ್ಯಾಕೆಟ್ಟಿನೊಳಗೆ ಹಾಕುತ್ತದೆ, ಲಕೋಟೆಯೊಳಗೆ ಲಕೋಟೆ ಇಟ್ಟ ಹಾಗೆ. ಹೊರಗಿನ ಲಕೋಟೆಯ ಮೇಲೆ ಕಂಪನಿಯ ಒಳಗಿನ ವಿಳಾಸಗಳು. ಒಳಗಿನದರ ಮೇಲೆ ನಿಮ್ಮ ಫೋನಿನ ಐಪಿ ಮತ್ತು ನೀವು ತಲುಪಬೇಕಾದ ಸರ್ವರ್. ಇದಕ್ಕೆ ಜಿಟಿಪಿ ಟನೆಲ್ ಅಂತ ಹೆಸರು. ಬಸ್ಸಲ್ಲಿ ಹೋಗುತ್ತಾ ಟವರ್‌ನಿಂದ ಟವರ್‌ಗೆ ದಾಟಿದರೂ ವಿಡಿಯೋ ಕಾಲ್ ಕಡಿಯದೆ ನಡೆಯುವುದು ಇದರಿಂದಲೇ. ಟವರ್ ಬದಲಾದರೆ ಹೊರಗಿನ ಲಕೋಟೆ ಮಾತ್ರ ಬದಲಾಗುತ್ತದೆ. ಒಳಗಿನ ಐಪಿ ಹಾಗೇ ಉಳಿಯುತ್ತದೆ. ನನಗಂತೂ ಇದು ಇಂದಿಗೂ ಮೆಚ್ಚುಗೆಯಾಗುವ ಕೆಲಸ.

ಆದರೆ ಇದರ ಪರಿಣಾಮ ನೋಡಿ. ನಿಮ್ಮ ಡೇಟಾ ಇಂಟರ್‌ನೆಟ್ಟಿಗೆ ಕಾಲಿಡುವ ಜಾಗ ನೀವು ಕೂತ ಜಾಗವಲ್ಲ, ಗೇಟ್‌ವೇ ಇರುವ ಜಾಗ. ಪಕ್ಕದಲ್ಲೇ ಕೂತವರಿಗೆ ಒಂದು ಮೆಸೇಜ್ ಕಳಿಸಿದರೂ ಅದು ಅಲ್ಲಿಯವರೆಗೆ ಹೋಗಿ, ಸರ್ವರ್ ಮುಟ್ಟಿ, ತಿರುಗಿ ಬರುತ್ತದೆ. ವಿದೇಶಕ್ಕೆ ಹೋಗಿ ರೋಮಿಂಗ್ ಹಾಕಿಕೊಂಡರೆ ಇನ್ನೂ ದೂರ. ಸಾಮಾನ್ಯವಾಗಿ ಡೇಟಾ ಅಲ್ಲಿಂದ ನಿಮ್ಮ ಸ್ವಂತ ದೇಶದ ಗೇಟ್‌ವೇವರೆಗೆ ಬಂದು ಆಮೇಲೆ ಹೊರಬೀಳುತ್ತದೆ. ರೋಮಿಂಗ್‌ನಲ್ಲಿ ಇಂಟರ್‌ನೆಟ್ ನಿಧಾನ ಅನ್ನಿಸುವುದಕ್ಕೆ ಇದೂ ಒಂದು ಕಾರಣ. ಆಗ ವೆಬ್‌ಸೈಟಿನ ಲೆಕ್ಕದಲ್ಲಿ ನೀವು ಊರು ಬಿಟ್ಟೇ ಇಲ್ಲ.

ಹಾಗಾದರೆ ಐಪಿ ಹಾಕಿದರೆ ಊರು ತೋರಿಸುವ ಸೈಟ್‌ಗಳ ಕಥೆ ಏನು? ಅವು ಮಾಡುವುದು ಅಂದಾಜು. ಯಾವ ಐಪಿ ಗುಂಪು ಯಾರ ಹೆಸರಿನಲ್ಲಿದೆ, ಯಾವ ಕಡೆಯಿಂದ ಉತ್ತರ ಬೇಗ ಬರುತ್ತದೆ, ಹೀಗೆ ಒಂದಷ್ಟು ಸುಳಿವು ಸೇರಿಸಿ ಪಟ್ಟಿ ಮಾಡಿಕೊಂಡಿರುತ್ತಾರೆ. ಆ ಅಂದಾಜನ್ನು ಸತ್ಯ ಅಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕಾನ್ಸಾಸ್‌ನ ತೋಟದ ಮನೆಯೊಂದರ ಕಥೆ ಸಾಕು. ಇಂಥ ಪಟ್ಟಿ ಮಾರುವ ಕಂಪನಿಯೊಂದು, ಒಂದು ಐಪಿ ಅಮೆರಿಕದ್ದು ಎಂಬುದಕ್ಕಿಂತ ಜಾಸ್ತಿ ಗೊತ್ತಿಲ್ಲದಾಗ ದೇಶದ ನಡುಭಾಗದ ಒಂದು ಬಿಂದುವನ್ನು ತೋರಿಸುತ್ತಿತ್ತು. ಆ ಬಿಂದು ಬಿದ್ದದ್ದು ಈ ಮನೆಯ ಹತ್ತಿರ. 60 ಕೋಟಿಗೂ ಜಾಸ್ತಿ ಐಪಿಗಳು ಆ ಒಂದು ಜಾಗಕ್ಕೆ ಅಂಟಿಕೊಂಡಿದ್ದವು. ದೇಶದ ಯಾವುದೋ ಮೂಲೆಯಲ್ಲಿ ಯಾರೋ ಮಾಡಿದ ಮೋಸಕ್ಕೆ ಪೊಲೀಸರು, ಸಿಟ್ಟಿಗೆದ್ದ ಜನರು ವರ್ಷಗಟ್ಟಲೆ ಆ ಮನೆಗೆ ಬರುತ್ತಿದ್ದರು. ಅಲ್ಲಿದ್ದವರಿಗೆ ಯಾಕೆ ಹೀಗೆ ಎಂದೇ ಗೊತ್ತಿರಲಿಲ್ಲ. ವಿಷಯ ಹೊರಬಿದ್ದದ್ದು 2016ರಲ್ಲಿ. ಆಮೇಲೆ ಕಂಪನಿ ಆ ಬಿಂದುವನ್ನು ಒಂದು ಕೆರೆಯ ನಡುವೆ ಸರಿಸಿತು. ಪಟ್ಟಿ ಮಾಡಿದವರದು ತಪ್ಪು, ಸರಿ. ಆ ಚುಕ್ಕೆಯನ್ನು ನಂಬಿ ಬಾಗಿಲು ತಟ್ಟಿದವರದೂ ತಪ್ಪು.

ಇನ್ನು ಹಂಚಿಕೊಳ್ಳುವ ವಿಷಯ. ಐಪಿ ವಿಳಾಸದ ಹಳೆಯ ಪದ್ಧತಿ ಐಪಿವಿ4. ಅದರ ನಿಯಮ ಬರೆದದ್ದು 1981ರಲ್ಲಿ. ಅದರ ವಿಳಾಸಕ್ಕೆ 32 ಬಿಟ್, ಅಂದರೆ 0 ಅಥವಾ 1 ಕೂರುವ 32 ಸ್ಥಾನ. ಲೆಕ್ಕ ಹಾಕಿದರೆ ಸುಮಾರು 429 ಕೋಟಿ ವಿಳಾಸ, ಅದರಲ್ಲೂ ಎಲ್ಲವೂ ಬಳಕೆಗೆ ಸಿಗುವುದಿಲ್ಲ. 2011ರ ಫೆಬ್ರವರಿ 3ರಂದು ಜಗತ್ತಿನ ಕೇಂದ್ರ ಸಂಗ್ರಹದಲ್ಲಿದ್ದ ಕೊನೆಯ ಗುಂಪುಗಳನ್ನೂ ಹಂಚಿ ಮುಗಿಸಿದರು. ಆದರೆ ಫೋನ್‌ಗಳ ಸಂಖ್ಯೆ ಏರುತ್ತಲೇ ಹೋಯಿತು. ಮೊಬೈಲ್ ಕಂಪನಿಗಳು ಇದಕ್ಕೆ ಕಂಡುಕೊಂಡ ದಾರಿ ಸಿಜಿನ್ಯಾಟ್, ಅಂದರೆ ಒಂದೇ ಸಾರ್ವಜನಿಕ ಐಪಿಯನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆ.

ಇದರಲ್ಲಿ ಫೋನಿಗೆ ಸಿಗುವುದು ಕಂಪನಿಯೊಳಗೆ ಮಾತ್ರ ನಡೆಯುವ ವಿಳಾಸ. 10ರಿಂದ ಶುರುವಾಗುವ ನಂಬರ್ ಇರಬಹುದು, ಇಲ್ಲವೇ 100.64ರಿಂದ 100.127ರವರೆಗಿನದು ಇರಬಹುದು. ಈ ಎರಡನೆಯ ಗುಂಪನ್ನು 2012ರಲ್ಲಿ ಇದಕ್ಕೆಂದೇ ಎತ್ತಿಟ್ಟರು. ಹೊರಗೆ ಹೋಗುವಾಗ ಒಂದು ಯಂತ್ರ ಈ ನಂಬರ್ ಅಳಿಸಿ, ಕಂಪನಿಯ ಸಾರ್ವಜನಿಕ ಐಪಿ ಬರೆಯುತ್ತದೆ. ಜೊತೆಗೆ ಒಂದು ಪೋರ್ಟ್ ನಂಬರ್ ಕೊಡುತ್ತದೆ, ಒಂದೇ ಕಟ್ಟಡದಲ್ಲಿ ಮನೆ ನಂಬರ್ ಇದ್ದ ಹಾಗೆ. ಉತ್ತರ ಬಂದಾಗ ಆ ಪೋರ್ಟ್ ನೋಡಿಯೇ ಇದು ಯಾರದು ಎಂದು ಪತ್ತೆ ಮಾಡುತ್ತದೆ. ಒಂದು ಐಪಿಗೆ 65,536 ಪೋರ್ಟ್ ನಂಬರ್ ಇರುತ್ತವೆ. ಒಬ್ಬೊಬ್ಬರಿಗೆ ಸಾವಿರ ಪೋರ್ಟ್ ಧಾರಾಳವಾಗಿ ಬಿಟ್ಟುಕೊಟ್ಟರೂ ಅರವತ್ತಕ್ಕೂ ಜಾಸ್ತಿ ಜನ ಒಂದೇ ಐಪಿಯ ಮೇಲಿರುತ್ತಾರೆ. ಬೇಕಾದಾಗ ಕೊಟ್ಟು, ಬೇಡವಾದಾಗ ವಾಪಸ್ ತಗೊಂಡರೆ ನೂರಾರು ಜನ. ಇವರೆಲ್ಲ ಒಂದೇ ಊರಿನವರೂ ಅಲ್ಲ, ಒಬ್ಬರಿಗೊಬ್ಬರು ಪರಿಚಯವೂ ಇಲ್ಲ.

ಈಗ ಆ ನೂರಾರು ಜನರಲ್ಲಿ ಒಬ್ಬ ಎಲ್ಲೋ ಕಿಡಿಗೇಡಿ ಕೆಲಸ ಮಾಡಿದ ಅಂದುಕೊಳ್ಳಿ. ಸೈಟಿನವರು ಆ ಐಪಿ ಬ್ಲಾಕ್ ಮಾಡುತ್ತಾರೆ. ಉಳಿದವರೆಲ್ಲ ಹೊರಗೆ. ಕಿಡಿಗೇಡಿ ಫ್ಲೈಟ್ ಮೋಡ್ ಹಾಕಿ ತೆಗೆದು ಬೇರೆ ಐಪಿ ಪಡೆದು ಒಳಗೆ ಬಂದಿರುತ್ತಾನೆ. ಯಾರಿಗೆ ಶಿಕ್ಷೆ ಆಯಿತು ಹೇಳಿ? 2007ರ ಹೊಸ ವರ್ಷದ ಹೊತ್ತಿಗೆ ವಿಕಿಪೀಡಿಯದಲ್ಲಿ ಒಂದು ಐಪಿಯನ್ನು ಬ್ಲಾಕ್ ಮಾಡಿದರು. ಕತಾರ್ ದೇಶದ ಇಂಟರ್‌ನೆಟ್ ಬಹುತೇಕ ಆ ಒಂದೇ ವಿಳಾಸದಿಂದ ಹೊರಬರುತ್ತಿತ್ತು. ಬ್ಲಾಕ್ ಬೇಗ ತೆಗೆದರು, ಒಳ್ಳೆಯದೇ. ಆದರೆ ಇಷ್ಟು ವರ್ಷ ಆದಮೇಲೂ ಅದೇ ಅಭ್ಯಾಸ ಸಣ್ಣ ಪ್ರಮಾಣದಲ್ಲಿ ದಿನವೂ ನಡೆಯುತ್ತಿದೆ. "ನೀವು ರೋಬೋ ಅಲ್ಲ ಎಂದು ಸಾಬೀತು ಮಾಡಿ" ಎಂದು ಸೈಟೊಂದು ಮತ್ತೆ ಮತ್ತೆ ಕೇಳಿದರೆ, ಎಷ್ಟೋ ಸಲ ಕಾರಣ ಇದೇ. ನೀವು ಏನೂ ಮಾಡಿರುವುದಿಲ್ಲ. ನಿಮ್ಮ ಜೊತೆ ಐಪಿ ಹಂಚಿಕೊಂಡ ಯಾರೋ ಮಾಡಿರುತ್ತಾರೆ. ಮನೆಯಲ್ಲಿ ಬೇರೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಳ್ಳಲು ಆಗದೆ ಮೊಬೈಲ್ ಡೇಟಾ ಒಂದನ್ನೇ ನೆಚ್ಚಿಕೊಂಡವರಿಗೆ ಈ ಕಾಟ ಜಾಸ್ತಿ. ಅವರಿಗೆ ಇನ್ನೊಂದು ದಾರಿ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ತನಿಖೆಯ ಮಾತು ಬಂದರೆ ವಿಷಯ ಇನ್ನೂ ಗಂಭೀರ. 2017ರಲ್ಲಿ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಸಿಜಿನ್ಯಾಟ್ ವಿರುದ್ಧ ಬಹಿರಂಗವಾಗಿಯೇ ಮಾತಾಡಿತು. ಅಪರಾಧಿಯ ಜೊತೆ ಐಪಿ ಹಂಚಿಕೊಂಡಿರುವ ಕಾರಣಕ್ಕೆ ಅಮಾಯಕರೂ ತನಿಖೆಯೊಳಗೆ ಸಿಲುಕಬಹುದು ಎಂಬುದು ಅದರ ಕಳವಳಗಳಲ್ಲಿ ಒಂದು. ಮೊಬೈಲ್ ಕಂಪನಿಯ ಬಳಿ ಯಾವ ಗ್ರಾಹಕರಿಗೆ ಯಾವಾಗ ಯಾವ ಪೋರ್ಟ್ ಕೊಟ್ಟಿತ್ತು ಎಂಬ ದಾಖಲೆ ಇದ್ದರೂ, ಅದನ್ನು ಬಳಸಲು ಕೇಳುವವರ ಕೈಯಲ್ಲಿ ಪೋರ್ಟ್ ನಂಬರ್ ಮತ್ತು ನಿಖರವಾದ ಸಮಯ ಇರಬೇಕು. ಪೋರ್ಟ್‌ಗಳು ಕೈ ಬದಲಾಯಿಸುತ್ತಲೇ ಇರುತ್ತವೆ, ಸರ್ವರ್‌ನ ಗಡಿಯಾರ ಸ್ವಲ್ಪ ಹಿಂದೆ ಮುಂದೆ ಆದರೂ ಬೇರೆಯವರ ಹೆಸರು ಬರುತ್ತದೆ. ಬರೀ ಐಪಿ ಮತ್ತು ತಾರೀಕು ಹಿಡಿದುಕೊಂಡು ಹೋದರೆ ಸಿಗುವುದು ಉದ್ದನೆಯ ಹೆಸರಿನ ಪಟ್ಟಿ.

ಇದಕ್ಕೆ ಪರಿಹಾರ 2011ರಲ್ಲೇ ಬರೆದಿಟ್ಟಿದ್ದಾರೆ. ಆರ್‌ಎಫ್‌ಸಿ 6302 ಎಂಬ ಸಣ್ಣ ದಾಖಲೆ ಅದು. ಆರ್‌ಎಫ್‌ಸಿ ಅಂದರೆ ಇಂಟರ್‌ನೆಟ್ಟಿನ ನಿಯಮ, ಸಲಹೆಗಳನ್ನು ಬರೆದಿಡುವ ದಾಖಲೆಗಳ ಸಾಲು. ಇಂಟರ್‌ನೆಟ್ಟಿಗೆ ತೆರೆದುಕೊಂಡ ಸರ್ವರ್‌ಗಳು ಐಪಿ ಜೊತೆಗೆ ಬಳಕೆದಾರರ ಪೋರ್ಟ್ ಮತ್ತು ಸರಿಯಾದ ಸಮಯವನ್ನೂ ಬರೆದಿಡಬೇಕು ಎಂಬುದು ಅದರ ಸಲಹೆ. ಅಪಾಚೆ, ಎಂಜಿನ್‌ಎಕ್ಸ್‌ನಂಥ ಹೆಸರುವಾಸಿ ವೆಬ್ ಸರ್ವರ್‌ಗಳ ಮಾಮೂಲಿ ಲಾಗ್‌ನಲ್ಲಿ (ಯಾರು ಯಾವಾಗ ಬಂದರು ಎಂಬ ದಾಖಲೆ) ಈ ಪೋರ್ಟ್ ಇರುವುದಿಲ್ಲ. ಸರ್ವರ್ ನೋಡಿಕೊಳ್ಳುವವರು ಸೇರಿಸಬೇಕು, ಸೆಟ್ಟಿಂಗ್‌ನ ಒಂದು ಸಾಲಿನಲ್ಲಿ ಆಗುವ ಕೆಲಸ. ಸರ್ವರ್ ಮುಂದೆ ಲೋಡ್ ಬ್ಯಾಲೆನ್ಸರ್ (ಬರುವ ಕೋರಿಕೆಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಯಂತ್ರ) ಇದ್ದರೆ ಸ್ವಲ್ಪ ಜಾಸ್ತಿ ಕೆಲಸ, ಯಾಕೆಂದರೆ ನಿಜವಾದ ಪೋರ್ಟ್ ಅಲ್ಲೇ ನಿಂತುಬಿಡುತ್ತದೆ, ಅಲ್ಲಿಂದ ಒಳಗೆ ದಾಟಿಸಬೇಕು. ಆದರೂ ಇದು ಮಾಡಲಾಗದ ಕೆಲಸವೇನಲ್ಲ.

"ಗುಂಪಿನಲ್ಲಿ ಸೇರಿಕೊಂಡರೆ ನಮ್ಮ ಗುಟ್ಟು ಉಳಿಯುತ್ತದೆ, ಒಳ್ಳೆಯದೇ ಅಲ್ವಾ?" ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸೈಟ್‌ಗಳು ನಿಮ್ಮನ್ನು ಹಿಂಬಾಲಿಸುವುದು ಲಾಗಿನ್, ಕುಕಿ, ಜಾಹೀರಾತಿನ ಐಡಿಗಳ ಮೂಲಕ. ಸಿಮ್ ಯಾರದೆಂದು ಕಂಪನಿಗೆ ಹೇಗೂ ಗೊತ್ತು. ಸಿಜಿನ್ಯಾಟ್‌ನಿಂದ ನಿಮಗೆ ಸಿಗುವ ಮರೆ ಬಹಳ ತೆಳು, ಅದಕ್ಕೆ ತೆರುವ ಬೆಲೆ ಜಾಸ್ತಿ. ಇನ್ನೊಂದು ಬೆಲೆಯೂ ಇದೆ. ಹೊರಗಿನಿಂದ ಯಾರೂ ನೇರವಾಗಿ ನಿಮ್ಮ ಫೋನನ್ನು ಮುಟ್ಟಲಾಗದು. ಫೋನ್ ಸುಮ್ಮನಿದ್ದರೆ ಸಿಜಿನ್ಯಾಟ್ ಯಂತ್ರ ಪೋರ್ಟ್ ವಾಪಸ್ ತಗೊಳ್ಳುತ್ತದೆ. ಅದಕ್ಕೇ ನೋಟಿಫಿಕೇಶನ್ ಬರುವ ಸಂಪರ್ಕವನ್ನು ಫೋನ್ ಆಗಾಗ ತಟ್ಟಿ ಎಚ್ಚರವಾಗಿಡಬೇಕು. ಅದರಲ್ಲಿ ಬ್ಯಾಟರಿಯೂ ಸ್ವಲ್ಪ ಹೋಗುತ್ತದೆ.

ಸರಿಯಾದ ದಾರಿ ಐಪಿವಿ6, ಅಂದರೆ ಐಪಿ ವಿಳಾಸದ ಹೊಸ ಪದ್ಧತಿ. ಅದರಲ್ಲಿ ವಿಳಾಸಕ್ಕೆ 128 ಬಿಟ್. ಮೊಬೈಲ್ ನೆಟ್‌ವರ್ಕ್ ಒಂದೊಂದು ಫೋನಿಗೂ ಕೊಡುವ ವಿಳಾಸಗಳ ಗುಂಪೇ ಇಡೀ ಐಪಿವಿ4 ಜಗತ್ತಿಗಿಂತ ಕೋಟಿಗಟ್ಟಲೆ ಪಟ್ಟು ದೊಡ್ಡದು. ಹಂಚಿಕೊಳ್ಳುವ ಅಗತ್ಯವೇ ಬರುವುದಿಲ್ಲ. ಎಷ್ಟೋ ಮೊಬೈಲ್ ಕಂಪನಿಗಳು ಆಗಲೇ ಫೋನಿಗೆ ಐಪಿವಿ6 ಮಾತ್ರ ಕೊಡುತ್ತಿವೆ. ಐಪಿವಿ4 ಮಾತ್ರ ಇರುವ ಹಳೆಯ ಸೈಟ್‌ಗಳಿಗಾಗಿ 464ಎಕ್ಸ್‌ಲ್ಯಾಟ್ ಎಂಬ ವ್ಯವಸ್ಥೆ ಇದೆ. ಫೋನಿನೊಳಗೆ ಒಂದು ಸಲ, ಕಂಪನಿಯ ಗಡಿಯಲ್ಲಿ ಇನ್ನೊಂದು ಸಲ ವಿಳಾಸ ಬದಲಾಯಿಸಿ ಕಳಿಸುತ್ತದೆ. ಆಂಡ್ರಾಯ್ಡ್‌ಗೆ ಇದು 2013ರಲ್ಲೇ ಬಂತು. ಐಪಿವಿ6 ಮಾತ್ರ ಇರುವ ನೆಟ್‌ವರ್ಕಿನಲ್ಲೂ ಆ್ಯಪ್‌ಗಳು ನಡೆಯಲೇಬೇಕು ಎಂದು ಆ್ಯಪಲ್ 2016ರ ಜೂನ್‌ನಿಂದ ನಿಯಮ ಮಾಡಿತು. ಅಂದರೆ ಫೋನ್‌ಗಳು ತಯಾರಾಗಿವೆ, ಎಷ್ಟೋ ನೆಟ್‌ವರ್ಕ್‌ಗಳೂ ತಯಾರಾಗಿವೆ.

ಹಿಂದೆ ಬಿದ್ದಿರುವುದು ವೆಬ್‌ಸೈಟ್‌ಗಳು. ನಿಮ್ಮ ಸೈಟ್ ಐಪಿವಿ4 ಮಾತ್ರ ಮಾತಾಡಿದರೆ, ನಿಮ್ಮ ಬಳಿ ನೇರವಾಗಿ ಬರಬಹುದಾಗಿದ್ದ ಫೋನನ್ನು ನೀವೇ ಮತ್ತೆ ಆ ನೂರಾರು ಜನರ ಗುಂಪಿಗೆ ತಳ್ಳುತ್ತೀರಿ. ಆಮೇಲೆ ಆ ಗುಂಪಿನ ಮೇಲೆ ಅನುಮಾನವನ್ನೂ ನೀವೇ ಪಡುತ್ತೀರಿ.

ನಿಮ್ಮ ಫೋನಿನಲ್ಲೇ ಇದನ್ನು ನೋಡಬಹುದು. ವೈಫೈ ಆಫ್ ಮಾಡಿ, ಫೋನಿನ ಬಗೆಗಿನ ಮಾಹಿತಿಯಲ್ಲಿ ಐಪಿ ವಿಳಾಸ ಎಲ್ಲಿದೆ ಹುಡುಕಿ, ಆಂಡ್ರಾಯ್ಡ್‌ನಲ್ಲಿ ಸುಲಭವಾಗಿ ಸಿಗುತ್ತದೆ. 10 ಅಥವಾ 100.64ರ ಆಸುಪಾಸಿನ ನಂಬರ್ ಇದ್ದರೆ ಹಂಚಿಕೆಯ ವಿಳಾಸ. ನಡುನಡುವೆ ಒಂದರ ಮೇಲೊಂದು ಎರಡು ಚುಕ್ಕೆ (:) ಇರುವ ಉದ್ದನೆಯ ಸಾಲು ಐಪಿವಿ6. ಅದರ ಜೊತೆಗೆ 192.0.0 ಎಂದು ಶುರುವಾಗುವ ನಂಬರ್ ಕಂಡರೆ 464ಎಕ್ಸ್‌ಲ್ಯಾಟ್ ಕೆಲಸ ಮಾಡುತ್ತಿದೆ ಎಂದರ್ಥ. ನೋಡಿ ಆದಮೇಲೆ ಯಾವ ಬಗೆ ಎಂದಷ್ಟೇ ಕಾಮೆಂಟಿನಲ್ಲಿ ಹೇಳಿ, ಪೂರ್ತಿ ನಂಬರ್ ಹಾಕಬೇಡಿ. ಸೈಟ್ ಅಥವಾ ಆ್ಯಪ್ ನಡೆಸುವ ಗೆಳೆಯರಿಗೆ ನನ್ನದು ಎರಡೇ ಕೋರಿಕೆ. ನಿಮ್ಮ ಡೊಮೇನ್‌ಗೆ ಎಎಎಎ ದಾಖಲೆ (ಸೈಟಿನ ಹೆಸರಿಗೆ ಐಪಿವಿ6 ವಿಳಾಸ ಯಾವುದೆಂದು ಹೇಳುವ ದಾಖಲೆ) ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ಮತ್ತೆ ನಿಮ್ಮ ಬ್ಲಾಕ್ ಪಟ್ಟಿ ತೆಗೆದು, ಅದರಲ್ಲಿ ಮೊಬೈಲ್ ಕಂಪನಿಗಳ ಐಪಿ ಎಷ್ಟಿವೆ ಎಂದು ಒಮ್ಮೆ ಪರಿಶೀಲಿಸಿ.