ಸತ್ಯಾಂಶ: ಒಂದು ಗಡಿಯಾರ ಕೆಟ್ಟರೆ ನೆಟ್‌ವರ್ಕ್ ಎಲ್ಲ ಬಂದ್ ಆಗುತ್ತಾ?

"ಎಸ್‌ಡಿಎಚ್ ನೆಟ್‌ವರ್ಕ್ ಪೂರ್ತಿ ಒಂದೇ ಗಡಿಯಾರದ ಮೇಲೆ ನಿಂತಿದೆ, ಅದು ಕೆಟ್ಟರೆ ಫೋನು, ಬ್ರಾಡ್‌ಬ್ಯಾಂಡ್ ಎಲ್ಲ ಬಂದ್" ಎನ್ನುವ ಫಾರ್ವರ್ಡ್ ಓಡಾಡುತ್ತಿದೆ. ಇದು ತಪ್ಪು. (ಎಸ್‌ಡಿಎಚ್ ಅಂದರೆ ಫೋನು, ಡೇಟಾಗಳನ್ನು ಒಟ್ಟುಗೂಡಿಸಿ ಹೆಚ್ಚಾಗಿ ಫೈಬರ್ ಮೇಲೆ ಒಂದೇ ತಾಳಕ್ಕೆ ಸಾಗಿಸುವ ವ್ಯವಸ್ಥೆ.)

ಉಪಕರಣಗಳೆಲ್ಲ ಒಂದು ಮುಖ್ಯ ಗಡಿಯಾರದ ತಾಳಕ್ಕೆ ನಡೆಯುವುದು ನಿಜ. ಆದರೆ ಆ ತಾಳ ತಪ್ಪಿದರೆ ಉಪಕರಣ ಬೇರೆ ದಾರಿಯಿಂದ ಬರುವ ತಾಳಕ್ಕೆ ಬದಲಾಗುತ್ತದೆ. ಅದೂ ಸಿಗದಿದ್ದರೆ ನೆನಪಿಟ್ಟುಕೊಂಡ ವೇಗದಲ್ಲೇ ತನ್ನೊಳಗಿನ ಗಡಿಯಾರವನ್ನು ಓಡಿಸುತ್ತದೆ.

ಆಗ ಗಡಿಯಾರಗಳ ವೇಗದಲ್ಲಿ ಸಣ್ಣ ವ್ಯತ್ಯಾಸ ಬಂದೇ ಬರುತ್ತದೆ, ಅಲ್ವಾ? ಅದಕ್ಕೇ ಪಾಯಿಂಟರ್ ಇರುವುದು. ಇಡೀ ವಿನ್ಯಾಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಸೆಕೆಂಡಿಗೆ 155.52 ಮೆಗಾಬಿಟ್ ವೇಗದ ಎಸ್‌ಟಿಎಂ-1ರಲ್ಲಿ (ಎಸ್‌ಡಿಎಚ್‌ನ ಮೂಲ ಹಂತ) 125 ಮೈಕ್ರೋಸೆಕೆಂಡಿಗೊಂದು ಫ್ರೇಮ್, ಅಂದರೆ ಡೇಟಾ ತುಂಬಿದ ಒಂದು ಕಟ್ಟು, ಹೊರಡುತ್ತದೆ. ಒಂದೊಂದರಲ್ಲೂ 2430 ಬೈಟ್. ಒಳಗಿನ ಡೇಟಾ ಎಲ್ಲಿಂದ ಶುರು ಅಂತ ಪಾಯಿಂಟರ್ ಹೇಳುತ್ತದೆ. ಡೇಟಾ ಸ್ವಲ್ಪ ನಿಧಾನವಾದರೆ 3 ಬೈಟ್ ಜಾಗವನ್ನು ಸುಮ್ನೆ ಖಾಲಿ ಬಿಟ್ಟು, ಶುರುವಿನ ಜಾಗ ಮುಂದೆ ಸರಿಯುತ್ತದೆ. ಬೇಗ ಬಂದರೆ ಪಾಯಿಂಟರ್ ಪಕ್ಕದಲ್ಲೇ ಕಾದಿರಿಸಿದ 3 ಬೈಟ್‌ಗಳಲ್ಲಿ ಡೇಟಾ ತುಂಬಿಕೊಂಡು, ಶುರುವಿನ ಜಾಗ ಹಿಂದೆ ಬರುತ್ತದೆ. ಹೀಗೆ ಸರಿದಾಡುವಾಗ ಡೇಟಾ ಕಳೆದುಹೋಗುವುದಿಲ್ಲ.

ತುಂಬಾ ದಿನ ಮುಖ್ಯ ತಾಳ ಸಿಗದೇ ಹೋದರೆ ಈ ಸರಿದಾಟ ಜಾಸ್ತಿಯಾಗಿ, ಕೆಲವು ಸೇವೆಗಳಲ್ಲಿ ದೋಷ ಕಾಣಿಸಬಹುದು. ಆದರೆ ಅಷ್ಟು ಹೊತ್ತಿಗೆ ನಿರ್ವಹಣಾ ಕೇಂದ್ರಕ್ಕೆ ಅಲಾರಂ ಹೋಗಿ ಎಷ್ಟೋ ಸಮಯವಾಗಿರುತ್ತದೆ.