ಸಹಿ ಅಗ್ಗವಾಯಿತು, ಮುಂದೇನು?

ಮನವಿಗಳಿಗೆ ಆನ್‌ಲೈನ್‌ನಲ್ಲಿ ಸಹಿ ಹಾಕುವುದು ಸುಲಭವಾಗಿದ್ದೇ ತಡ, ಸಹಿಯ ಬೆಲೆ ಇಳಿದುಹೋಯಿತು. ಮೊದಲು ಸಾವಿರ ಸಹಿ ಸೇರಿಸಬೇಕಾದರೆ ಮನೆಮನೆ ಅಲೆಯಬೇಕಿತ್ತು. ಮೇಜಿನ ಮೇಲೆ ಬಂದು ಬಿದ್ದ ಕಾಗದದ ಕಟ್ಟು ನೋಡಿದರೆ ಅಧಿಕಾರಿಗೆ ಅರ್ಥವಾಗುತ್ತಿತ್ತು: ಇದರ ಹಿಂದೆ ಓಡಾಡುವ ಜನ ಇದ್ದಾರೆ, ನಾಳೆ ಬಾಗಿಲಿಗೂ ಬರಬಹುದು. ಈಗ ಅಷ್ಟೇ ಸಹಿ ಊಟ ಮುಗಿಸುವಷ್ಟರಲ್ಲಿ ಸೇರುತ್ತದೆ. ಇದು ಬೆರಳಿನ ಕೆಲಸ ಅಂತ ಅಧಿಕಾರಿಗೂ ಗೊತ್ತು.

ಹಾಗಂತ ಬಟನ್ ಒತ್ತುವುದೆಲ್ಲ ದಂಡ ಅಂತ ನಾನು ಒಪ್ಪುವುದಿಲ್ಲ. 2015ರ ನೆಟ್ ನ್ಯೂಟ್ರಾಲಿಟಿ (ಇಂಟರ್ನೆಟ್ ಕಂಪನಿಗಳು ಎಲ್ಲ ವೆಬ್‌ಸೈಟುಗಳನ್ನೂ ಒಂದೇ ಥರ ನೋಡಬೇಕು ಅನ್ನುವ ತತ್ವ) ಗಲಾಟೆ ನೆನಪಿದೆಯಾ? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಜನರ ಅಭಿಪ್ರಾಯ ಕೇಳಲು 118 ಪುಟಗಳ ಸಮಾಲೋಚನಾ ಪತ್ರ ಹೊರಡಿಸಿ 20 ಪ್ರಶ್ನೆ ಕೇಳಿತ್ತು. ಅದನ್ನು ಪೂರ್ತಿ ಓದುವ ತಾಳ್ಮೆ ಯಾರಿಗಿರುತ್ತದೆ ಹೇಳಿ? ನೆಟ್ ನ್ಯೂಟ್ರಾಲಿಟಿ ಪರವಾದ ‘ಸೇವ್ ದಿ ಇಂಟರ್ನೆಟ್’ ಅಭಿಯಾನದ ಸ್ವಯಂಸೇವಕರು ಕೂತು ಓದಿದರು. ಪ್ರಶ್ನೆಗಳಿಗೆಲ್ಲ ಉತ್ತರ ಬರೆದಿಟ್ಟರು. ಅವರ ವೆಬ್‌ಸೈಟಿಗೆ ಹೋದರೆ ಉತ್ತರ ತುಂಬಿದ ಇಮೇಲ್ ತಯಾರಿರುತ್ತಿತ್ತು. 10 ಲಕ್ಷಕ್ಕೂ ಜಾಸ್ತಿ ಇಮೇಲ್ ಹೋದವು. (ಟ್ರಾಯ್ ಅಷ್ಟನ್ನೂ, ಕಳಿಸಿದವರ ಇಮೇಲ್ ವಿಳಾಸದ ಸಮೇತ, ತನ್ನ ವೆಬ್‌ಸೈಟಿಗೆ ಏರಿಸಿಬಿಟ್ಟಿತು. ದನಿ ಎತ್ತಿದವರ ವಿಳಾಸ ಸ್ಪ್ಯಾಮ್ ಕಳಿಸುವವರಿಗೆ ಪುಕ್ಕಟೆ!)

ಅದೇ ವರ್ಷದ ಕೊನೆಗೆ ಟ್ರಾಯ್ ಮತ್ತೊಂದು ಪತ್ರ ತಂದಿತು. ನೋಡುವ ವೆಬ್‌ಸೈಟ್ ಯಾವುದು ಅನ್ನುವುದರ ಮೇಲೆ ಡೇಟಾ ದರ ಬೇರೆ ಬೇರೆ ಇರಬಹುದಾ ಅನ್ನುವುದು ಪ್ರಶ್ನೆ. ಈ ಸಲ ಫೇಸ್‌ಬುಕ್ ತಾನೇ ಅಖಾಡಕ್ಕೆ ಇಳಿಯಿತು (ಇದನ್ನು ಫೇಸ್‌ಬುಕ್‌ನಲ್ಲೇ ಬರೆಯುತ್ತಿದ್ದೇನೆ, ಇರಲಿ). ಆಯ್ದ ಕೆಲವು ವೆಬ್‌ಸೈಟುಗಳನ್ನಷ್ಟೇ ಪುಕ್ಕಟೆ ಕೊಡುವ ತನ್ನ ‘ಫ್ರೀ ಬೇಸಿಕ್ಸ್’ ಉಳಿಸಿ ಅಂತ ಬಳಕೆದಾರರಿಗೆ ನೋಟಿಫಿಕೇಶನ್ ಬಂತು. ಒತ್ತಿದರೆ ಸಿದ್ಧ ಸಂದೇಶ. ಲಕ್ಷಗಟ್ಟಲೆ ಹೋದವು. ಅದರಲ್ಲಿ ಫ್ರೀ ಬೇಸಿಕ್ಸ್‌ಗೆ ನನ್ನ ಬೆಂಬಲ ಇದೆ ಅಂತಿತ್ತೇ ಹೊರತು ಕೇಳಿದ ಪ್ರಶ್ನೆಗೆ ಉತ್ತರ ಇರಲಿಲ್ಲ. ಗಂಭೀರ ಸಮಾಲೋಚನೆಯನ್ನು ತಲೆ ಎಣಿಸುವ ಆಟ ಮಾಡಿಬಿಟ್ಟಿರಿ ಅನ್ನುವ ಅರ್ಥದಲ್ಲಿ ಟ್ರಾಯ್ ಫೇಸ್‌ಬುಕ್‌ಗೆ ಖಾರವಾಗಿಯೇ ಪತ್ರ ಬರೆಯಿತು. 2016ರ ಫೆಬ್ರವರಿ 8ರಂದು ಅಂಥ ತಾರತಮ್ಯದ ದರವನ್ನೇ ನಿಷೇಧಿಸಿತು.

ಎರಡು ಸಲವೂ ಜನ ಒತ್ತಿದ್ದು ಒಂದು ಬಟನ್ ಅಷ್ಟೇ. ಮೊದಲನೆಯದರ ಹಿಂದೆ ಯಾರೋ ನಿದ್ದೆಗೆಟ್ಟು ಓದಿದ್ದರು. ಎರಡನೆಯದರ ಹಿಂದೆ ದುಡ್ಡಿತ್ತು, ಕೋಟ್ಯಂತರ ಬಳಕೆದಾರರಿದ್ದರು. ಡಿಜಿಟಲ್ ಕಾಲದ ಹೋರಾಟದಲ್ಲಿ ತಲೆ ಲೆಕ್ಕಕ್ಕಿಂತ ಈ ಓದುವ ಕೆಲಸವೇ ದೊಡ್ಡದು ಅಂತ ನನಗನ್ನಿಸುವುದು ಇದಕ್ಕೇ. ಆದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಲೈಕ್ ಅಂತೂ ಬರುವುದೇ ಇಲ್ಲ.

ಬರೀ ಸಂಖ್ಯೆ ಎಷ್ಟು ದೂರ ಹೋಗುತ್ತದೆ ಅಂತ ನೋಡಬೇಕಾದರೆ ಬ್ರಿಟನ್ ಕಡೆ ನೋಡಿ. ಅಲ್ಲಿ ಸಂಸತ್ತಿನದೇ ಮನವಿ ವೆಬ್‌ಸೈಟ್ ಇದೆ. 10,000 ಸಹಿ ಆದರೆ ಸರ್ಕಾರ ಉತ್ತರ ಕೊಡುತ್ತದೆ, 1 ಲಕ್ಷ ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. 2019ರಲ್ಲಿ ಬ್ರೆಕ್ಸಿಟ್ (ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬರುವುದು) ಕೈಬಿಡಿ ಅನ್ನುವ ಮನವಿಗೆ 60 ಲಕ್ಷಕ್ಕೂ ಜಾಸ್ತಿ ಸಹಿ ಬಿತ್ತು. ಉತ್ತರ ಬಂತು, ಚರ್ಚೆಯೂ ಆಯಿತು. ಬ್ರೆಕ್ಸಿಟ್ ಮಾತ್ರ ನಿಲ್ಲಲಿಲ್ಲ.

ಸಂಖ್ಯೆಯೇ ಕೆಲಸ ಮಾಡುವ ಜಾಗವೂ ಒಂದಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಲೈಂಗಿಕ ದೌರ್ಜನ್ಯ ಅನುಭವಿಸಿದವರು ‘ನನಗೂ ಆಗಿದೆ’ ಅಂತ ಹೇಳುವ ‘ಮೀ ಟೂ’ ಅನ್ನುವ ಮಾತನ್ನು ಅಮೆರಿಕದ ಹೋರಾಟಗಾರ್ತಿ ತರಾನಾ ಬರ್ಕ್ 2006ರಲ್ಲೇ ಶುರು ಮಾಡಿದ್ದರು. 2017ರ ಅಕ್ಟೋಬರ್‌ನಲ್ಲಿ ಅದು ಹ್ಯಾಶ್‌ಟ್ಯಾಗ್ ಆಗಿ ಜಗತ್ತೆಲ್ಲ ಹಬ್ಬಿತು. ಅಲ್ಲಿ ಹೆಂಗಸರು ಯಾವ ಇಲಾಖೆಗೂ ಅರ್ಜಿ ಹಾಕುತ್ತಿರಲಿಲ್ಲ. ನನಗೊಬ್ಬಳಿಗೇ ಹೀಗಾಗಿದ್ದಲ್ಲ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅದಕ್ಕೆ ಎಷ್ಟು ಜನ ಅನ್ನುವುದೇ ಮುಖ್ಯ ಅಲ್ವಾ?

ಕಾನೂನೋ ನಿಯಮವೋ ಬದಲಾಗಬೇಕು ಅನ್ನುವವರಿಗೆ ಮಾತ್ರ ನನ್ನದೊಂದು ಬೇಡಿಕೆ. ಮನವಿ ಯಾರಿಗೆ, ಅವರು ಏನು ಕೇಳಿದ್ದಾರೆ, ಅಭಿಪ್ರಾಯ ಕಳಿಸಲು ಕೊನೆಯ ದಿನ ಯಾವುದು, ಇಷ್ಟನ್ನು ಮೊದಲ ಸಾಲಿನಲ್ಲೇ ಬರೆಯಿರಿ. ‘ವೈರಲ್ ಮಾಡಿ’ ಅನ್ನುವುದು ಆಮೇಲೆ ಇರಲಿ.