ಮಾಲೆ ಹಾಕಿದ ಮೇಲೆ ನಡೆದ ಸ್ವಯಂವರ

‘ನಿಮ್ಮ ಮೆಚ್ಚಿನ ಶೋಧಯಂತ್ರ ಯಾವುದು?’ ಎಂದು ಗಂಭೀರವಾಗಿ ಕೇಳುವವರು ಇನ್ನೂ ಇದ್ದಾರೆ. ನಿಮ್ಮ ಮನೆಯ ಅಂಗಳಕ್ಕೆ ಯಾವ ಕಂಪನಿಯ ಸೂರ್ಯನನ್ನು ಹಾಕಿಸಿದ್ದೀರಿ ಎಂದು ಕೇಳಿದಷ್ಟೇ ಅರ್ಥಪೂರ್ಣವಾದ ಪ್ರಶ್ನೆ ಇದು. ಆಯ್ಕೆ ನಮ್ಮ ಹಕ್ಕು, ನಿಜ. ಅಷ್ಟು ಬೆಲೆಬಾಳುವ ಹಕ್ಕನ್ನು ನಾವು ಕಳೆದುಕೊಂಡೇವೆಂಬ ಕಳವಳದಿಂದಲೋ ಏನೋ, 2022ರ ಒಂದೇ ವರ್ಷದಲ್ಲಿ ಗೂಗಲ್ ಸಂಸ್ಥೆಯು ಆಪಲ್‌ಗೆ 2,000 ಕೋಟಿ ಡಾಲರ್ ತೆತ್ತು, ಐಫೋನಿನ ಸಫಾರಿ ಬ್ರೌಸರಿನಲ್ಲಿ ನಮ್ಮ ಮೆಚ್ಚುಗೆಯನ್ನು ಮೊದಲೇ ಕೂರಿಸಿತು. ಮೆಚ್ಚಿದವರು ನಾವು, ಹಣ ಪಡೆದವರು ಅವರು.

ಇದು ಅಕ್ರಮ ಏಕಸ್ವಾಮ್ಯವೆಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ತೀರ್ಪಿತ್ತರು. ಮರುವರ್ಷ ಪರಿಹಾರವನ್ನೂ ಸೂಚಿಸಿದರು: ಬೇರೆಯವರನ್ನು ಒಳಗೆ ಬಿಡಬಾರದೆಂಬ ಕರಾರು ಕೂಡದು, ಆದರೆ ಜಗಲಿಯ ಮೇಲೆ ಕೂರಲು ಹಣ ಕೊಡುವುದಕ್ಕೆ ಅಡ್ಡಿಯಿಲ್ಲ.

ಆದರೂ ಸ್ವಯಂವರವನ್ನು ಶಾಸ್ತ್ರೋಕ್ತವಾಗಿ ನಡೆಸಿದ ಕೀರ್ತಿ ಯುರೋಪಿಗೇ ಸಲ್ಲಬೇಕು. ಅಲ್ಲಿನ ಆಯೋಗ 2018ರಲ್ಲಿ ದಂಡ ವಿಧಿಸಿದ ಮೇಲೆ, ಆಂಡ್ರಾಯ್ಡ್ ಫೋನು ಕೊಂಡವರ ಮುಂದೆ ಶೋಧಯಂತ್ರಗಳ ಪಟ್ಟಿಯನ್ನಿಡಲು ಗೂಗಲ್ ಒಪ್ಪಿತು; 2020ರಲ್ಲಿ ಆ ಪಟ್ಟಿಯ ಒಂದು ಆಸನದಲ್ಲಿ ತಾನು ಬಿಟ್ಟಿಯಾಗಿ ಕುಳಿತು, ಉಳಿದ ಮೂರು ಆಸನಗಳನ್ನು ಪ್ರತಿಸ್ಪರ್ಧಿಗಳ ನಡುವೆ ಹರಾಜಿಗಿಟ್ಟಿತು. ವರನೇ ಮಂಟಪದ ಮಾಲೀಕ, ವರನೇ ಹರಾಜು ಕೂಗುವವನು. ಬಂದ ದುಡ್ಡೂ ವರನಿಗೇ. ಮರವನ್ನು ನೆಡುತ್ತೇನೆಂದು ಹೇಳಿಕೊಳ್ಳುವ ಇಕೋಸಿಯಾ ಎಂಬ ಶೋಧಯಂತ್ರ ಮೊದಲಿಗೆ ಮುನಿಸಿಕೊಂಡು ಹೊರಗುಳಿಯಿತು. ಹರಾಜು ಕೈಬಿಡಲು 2021ರವರೆಗೆ ಕಾಯಬೇಕಾಯಿತು. ಅದೇ ವರ್ಷ ಆ ದಂಡದ ವಿರುದ್ಧ ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯದಲ್ಲಿ ಗೂಗಲ್ ಪರ ವಕೀಲರು, ಎದುರಾಳಿ ಶೋಧಯಂತ್ರವಾದ ಬಿಂಗ್‌ನಲ್ಲಿ ಜನ ಅತಿ ಹೆಚ್ಚು ಹುಡುಕುವ ಪದ ‘ಗೂಗಲ್’ ಎಂದು ವಾದಿಸಿದರು. ಎದುರಾಳಿಯ ಹೋಟೆಲಿಗೆ ಹೋಗಿ ನಮ್ಮ ಹೋಟೆಲಿನ ದಾರಿ ಕೇಳುವ ಗಿರಾಕಿಗಳನ್ನು ಇಷ್ಟು ಹೆಮ್ಮೆಯಿಂದ ಸಾಕ್ಷಿಗೆ ಕರೆದದ್ದು ಬಹುಶಃ ಅದೇ ಮೊದಲು.

ಹೋಟೆಲೆಂದಾಗ ನೆನಪಾಯಿತು. ಗೂಗಲನ್ನು ತೊರೆದು ಸ್ವಾಭಿಮಾನದಿಂದ ಬೇರೆಡೆ ಹೋದವರ ಕಥೆ ಇನ್ನೂ ಸೊಗಸಾಗಿದೆ. ಡಕ್‌ಡಕ್‌ಗೋ, ಇಕೋಸಿಯಾ, ಯಾಹೂ ಎಂದು ಬೋರ್ಡುಗಳು ಹಲವು. ಊಟ ಬಹುಮಟ್ಟಿಗೆ ಬರುವುದು ಮೈಕ್ರೋಸಾಫ್ಟಿನ ಬಿಂಗ್ ಅಡುಗೆಮನೆಯಿಂದ. 2024ರ ಮೇ ತಿಂಗಳಲ್ಲಿ ಒಂದು ದಿನ ಆ ಒಲೆ ಆರಿದಾಗ ಡಕ್‌ಡಕ್‌ಗೋ, ಇಕೋಸಿಯಾಗಳ ಪಂಕ್ತಿಯಲ್ಲಿ ಕುಳಿತವರಿಗೂ ಬರಿಯ ಎಲೆಯೇ ಗತಿಯಾಯಿತು.

ಇನ್ನು ಈ ಯಂತ್ರಗಳ ಪಾಂಡಿತ್ಯ. ನಾವು ಕೇಳಿದಾಗ ಅವು ಲೋಕವನ್ನೇನೂ ಹುಡುಕುವುದಿಲ್ಲ. ಮೊದಲೇ ಊರೂರು ಅಲೆದು ಪುಟಗಳನ್ನು ನಕಲು ಮಾಡಿ, ಪುಸ್ತಕದ ಕೊನೆಯ ಪದಸೂಚಿಯಂತಹ ಒಂದು ಮಹಾಸೂಚಿಯನ್ನು ಕಟ್ಟಿಕೊಂಡಿರುತ್ತವೆ, ಅದರಿಂದ ಹೆಕ್ಕಿ ಸಾಲಾಗಿ ನಿಲ್ಲಿಸುತ್ತವೆ. ಜಾಹೀರಾತಿನಿಂದ ಬದುಕುವ ಶೋಧಯಂತ್ರವು ಸಹಜವಾಗಿಯೇ ಜಾಹೀರಾತುದಾರರ ಕಡೆಗೆ ವಾಲುತ್ತದೆ ಎಂದು 1998ರ ಪ್ರಬಂಧವೊಂದರಲ್ಲಿ ಎಚ್ಚರಿಸಿದ್ದ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳ ಹೆಸರು ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್. ಗೂಗಲನ್ನು ಸ್ಥಾಪಿಸಿದವರೂ ಅವರೇ.

ಭಾರತದಲ್ಲಿಯೂ ಸ್ಪರ್ಧಾ ಆಯೋಗವು 2022ರಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿ, ಹೊಸ ಫೋನಿನಲ್ಲಿ ಶೋಧಯಂತ್ರವನ್ನು ಆರಿಸಿಕೊಳ್ಳುವ ಅವಕಾಶ ಬಳಕೆದಾರನಿಗಿರಲಿ ಎಂದಿತು. ನಮ್ಮಲ್ಲಿ ಹೊಸ ಫೋನನ್ನು ಮೊದಲು ತೆರೆಯುವವನು ಅಂಗಡಿಯ ಹುಡುಗ. ಕೇಳಿದ್ದಕ್ಕೆಲ್ಲ ‘ನೆಕ್ಸ್ಟ್’ ಒತ್ತುವುದರಲ್ಲಿ ಅವನ ಬೆರಳಿಗೆ ಸಾಟಿಯಿಲ್ಲ.

ಕನ್ನಡಿಗರಿಗೆ ಆರಿಸಿಕೊಳ್ಳಲು ಸಕಾರಣವೊಂದು ಅದಕ್ಕೂ ಮೊದಲೇ ಒದಗಿತ್ತು. 2021ರ ಜೂನ್‌ನಲ್ಲಿ, ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂಬ ಪ್ರಶ್ನೆಗೆ ಗೂಗಲ್ ಯಾವುದೋ ಪುಟದಿಂದ ಹೆಕ್ಕಿ ‘ಕನ್ನಡ’ ಎಂದು ಉತ್ತರಿಸಿತು. ನಾಡು ಸಿಡಿದೆದ್ದಿತು, ಸಚಿವರು ನೋಟಿಸಿನ ಎಚ್ಚರಿಕೆ ಕೊಟ್ಟರು, ಸಂಸ್ಥೆ ಕ್ಷಮೆ ಕೇಳಿತು. ಆ ಅವಮಾನದ ಉತ್ತರವನ್ನು ತೆಗೆದರೋ ಇಲ್ಲವೋ ಎಂದು ತಿಳಿಯಲು ನಾನು ಅಂದು ಗಂಟೆಗೊಮ್ಮೆ ಅದೇ ಪ್ರಶ್ನೆಯನ್ನು ಕೇಳುತ್ತಿದ್ದೆ, ಕೇಳುತ್ತಿದ್ದದ್ದೂ ಗೂಗಲನ್ನೇ.